ಒಂದು ವಾರ ಸೈನ್ಯಕ್ಕೆ ಬಿಟ್ಟಿದ್ದರೆ...

ಕಳೆದ ತಿಂಗಳು ನಮ್ಮ ವಿಭಾಗದ ಸೆಮಿನಾರಿನಲ್ಲಿ ನಾನು ಆನಾ ಬರ್ನ್ಸ್ ಅವರ ‘ಮಿಲ್ಕ್‌ಮ್ಯಾನ್’ ಕಾದಂಬರಿಯ ಮೇಲೊಂದು ಪ್ರಬಂಧ ಓದಿದೆ. 2018ರಲ್ಲಿ ಬೂಕರ್ ಪಡೆದ ಕಾದಂಬರಿ ಅದು. ಎಪ್ಪತ್ತರ ದಶಕದ ಬೆಲ್‌ಫಾಸ್ಟನ್ನು ಹೋಲುವ ಊರೊಂದರ ಹದಿನೆಂಟರ ಹುಡುಗಿಯ ಕತೆ. ಆ ಊರಿಗೆ ಹೆಸರಿಲ್ಲ, ಪಾತ್ರಗಳಿಗೂ ಇಲ್ಲ. ಯಾಕಿಲ್ಲ ಎನ್ನುವುದೇ ನನ್ನ ಪ್ರಬಂಧದ ವಿಷಯ. ಹೆಸರು ಹೇಳಿದ ತಕ್ಷಣ ನೀವು ಯಾವ ಕಡೆಯವರೆಂದು ತಿಳಿದುಬಿಡುವ ಊರಿನಲ್ಲಿ ಹೆಸರೇ ಅಪಾಯ ಎಂದು ಇಪ್ಪತ್ತು ನಿಮಿಷ ವಾದಿಸಿ ಕೂತೆ.

ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಪ್ರಾಧ್ಯಾಪಕರು ಮೈಕ್ ಹತ್ತಿರಕ್ಕೆ ಎಳೆದುಕೊಂಡು, “ನೋಡಪ್ಪಾ, ಸಾಹಿತ್ಯ ಎಲ್ಲಾ ಸರಿ. ಬಾಂಬ್ ಇಡೋರಿಗೆ ಕಾದಂಬರಿ ಓದಿಸಿ ಬುದ್ಧಿ ಹೇಳೋಕಾಗಲ್ಲ. ಒಂದು ವಾರ ಸೈನ್ಯಕ್ಕೆ ಬಿಟ್ಟಿದ್ದರೆ ಐರ್ಲೆಂಡಿನ ಸಮಸ್ಯೆ ಅಲ್ಲಿಗೇ ಮುಗೀತಿತ್ತು. ಬ್ರಿಟಿಷರಿಗೆ ಧೈರ್ಯ ಸಾಲಲಿಲ್ಲ, ಅಷ್ಟೇ” ಅಂದರು. ಸಭಾಂಗಣ ಚಪ್ಪಾಳೆ ತಟ್ಟಿತು. ನನ್ನ ಪ್ರಬಂಧಕ್ಕೆ ಬಿದ್ದದ್ದಕ್ಕಿಂತ ಜೋರಾಗಿ ಎಂಬುದನ್ನು ಒಪ್ಪಿಕೊಳ್ಳಬೇಕು.

ಉತ್ತರಿಸಲು ಎರಡು ನಿಮಿಷ ಕೊಟ್ಟರು. ನಾನು ತಡವರಿಸಿದೆ. ಆಮೇಲೆ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ನನ್ನ ರೂಮ್‌ಮೇಟ್ ಹೇಳಿದ: “ನಿನ್ನ ಹೆಸರು ಕೇಳಿದಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳಲ್ಲ ಕಣೋ. ನನಗೆ ಕೇಳ್ತಾರೆ. ಬಾಡಿಗೆ ಮನೆ ನೋಡೋಕೆ ಹೋದ್ರೂ ಕೇಳ್ತಾರೆ. ಆ ಚಪ್ಪಾಳೆ ನಂಗೆ ಬೇರೆ ಥರ ಕೇಳಿಸ್ತು.” ಅವನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ತಡ ಅಂದಹಾಗೆ ಹೇಳಿದ.

ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಮೊದಲಿಗೇ ಒಂದು ಮಾತು. ಸೈನ್ಯಕ್ಕೆ ಬಿಡಲಿಲ್ಲ ಎನ್ನುವುದು ಸುಳ್ಳು. ಬಿಟ್ಟಿದ್ದರು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಸಾಲು. 1921ರಲ್ಲಿ ಐರ್ಲೆಂಡನ್ನು ಒಡೆದಾಗ ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನ ಜೊತೆಗೇ ಉಳಿದವು. ಅಲ್ಲಿ ಪ್ರಾಟೆಸ್ಟೆಂಟರು ಬಹುಸಂಖ್ಯಾತರು, ಬ್ರಿಟನ್ನಿನೊಂದಿಗೆ ಇರಬೇಕೆನ್ನುವ ಯೂನಿಯನಿಸ್ಟರು. ಮೂರನೇ ಒಂದು ಭಾಗದಷ್ಟಿದ್ದ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಒಂದೇ ಐರ್ಲೆಂಡ್ ಬೇಕೆನ್ನುವವರು. ಇದನ್ನು ದೇವತಾಶಾಸ್ತ್ರದ ಜಗಳ ಎಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ. ಪೋಪ್ ದೊಡ್ಡವನೋ ಬೈಬಲ್ ದೊಡ್ಡದೋ ಎಂದು ಅಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ. ಧರ್ಮ ಅಲ್ಲಿ ನಂಬಿಕೆಗಿಂತ ಹೆಚ್ಚಾಗಿ ಒಂದು ಗುರುತು. ಯಾವ ಶಾಲೆ, ಯಾವ ಬೀದಿ, ಯಾವ ಆಟ, ಊರಿಗೆ ಡೆರಿ ಅನ್ನುತ್ತೀರೋ ಲಂಡನ್‌ಡೆರಿ ಅನ್ನುತ್ತೀರೋ, ಇಷ್ಟು ಸಾಕು. ಇಂಗ್ಲಿಷಿನ ಎಂಟನೇ ಅಕ್ಷರವೊಂದೇ ಸಾಕು ಎನ್ನುವವರೂ ಇದ್ದಾರೆ. ಕ್ಯಾಥೊಲಿಕರು ಸಾಮಾನ್ಯವಾಗಿ ‘ಹೇಚ್’ ಅನ್ನುತ್ತಾರೆ, ಪ್ರಾಟೆಸ್ಟೆಂಟರು ‘ಏಚ್’. ನಮ್ಮ ಪತ್ರಿಕೆಗಳಲ್ಲೂ ಒಬ್ಬರು ‘ಎಚ್’ ಬರೆದರೆ ಇನ್ನೊಬ್ಬರು ‘ಹೆಚ್’ ಬರೆಯುತ್ತಾರೆ, ಅದಕ್ಕಾಗಿ ಯಾರೂ ಹೊಡೆದಾಡಿಲ್ಲ. ಆದರೆ ‘ಹಣ್ಣು’ ಅನ್ನಲು ‘ಅಣ್ಣು’ ಅಂದವನನ್ನು ನೋಡಿ ಇಡೀ ತರಗತಿ ನಕ್ಕದ್ದನ್ನು ಕಂಡ ನಮಗೆ, ಒಂದು ಹಕಾರದಲ್ಲಿ ಮನುಷ್ಯನ ಹುಟ್ಟನ್ನೇ ಪತ್ತೆಹಚ್ಚುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ.

ಜಗಳ ಶುರುವಾದದ್ದು ಮನೆಯಿಂದ. ಮನೆ ಎಂದರೆ ಅಕ್ಷರಶಃ ಮನೆ. ಸ್ಥಳೀಯ ಚುನಾವಣೆಯಲ್ಲಿ ಮನೆತೆರಿಗೆ ಕಟ್ಟುವವರಿಗೂ ಅವರ ಗಂಡ ಅಥವಾ ಹೆಂಡತಿಗೂ ಮಾತ್ರ ಮತ. ಅಪ್ಪನ ಮನೆಯಲ್ಲಿರುವ ಮೂವತ್ತರ ಮಗನಿಗೆ ಇಲ್ಲ, ಕೋಣೆ ಬಾಡಿಗೆಗೆ ಹಿಡಿದವನಿಗೆ ಇಲ್ಲ. ಹಾಗಾಗಿ ಕೌನ್ಸಿಲ್ಲು ಒಂದು ಕುಟುಂಬಕ್ಕೆ ಮನೆ ಕೊಟ್ಟರೆ ಎರಡು ಮತ ಕೊಟ್ಟಂತೆ. ಯಾರಿಗೆ ಕೊಡುತ್ತಿದ್ದರೆಂದು ಊಹಿಸಬಹುದು. ಡೆರಿಯಲ್ಲಿ ಕ್ಯಾಥೊಲಿಕರೇ ಹೆಚ್ಚಿದ್ದರೂ ವಾರ್ಡುಗಳ ಗೆರೆ ಎಳೆದ ಜಾಣತನದಿಂದ ಕೌನ್ಸಿಲ್ ಯೂನಿಯನಿಸ್ಟರ ಕೈಯಲ್ಲೇ ಇತ್ತು. 1968ರ ಜೂನ್‌ನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ 19 ವರ್ಷದ ಅವಿವಾಹಿತ ಪ್ರಾಟೆಸ್ಟೆಂಟ್ ತರುಣಿಗೆ ಕೌನ್ಸಿಲ್ ಮನೆ ಸಿಕ್ಕಿತು. ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಲೇ ಇದ್ದವು. ಆಸ್ಟಿನ್ ಕರಿ ಎಂಬ ಶಾಸಕ ಆ ಮನೆಯೊಳಗೆ ಹೋಗಿ ಕೂತುಬಿಟ್ಟ, ಪೊಲೀಸರು ಹೊರಗೆಳೆದು ಹಾಕಿದರು. ನಾಗರಿಕ ಹಕ್ಕುಗಳ ಚಳವಳಿ ಜನರ ಬಾಯಿಗೆ ಬಂದದ್ದು ಹೀಗೆ. ಅವರು ಕೇಳಿದ್ದು ಮನೆ, ಮತ, ಕೆಲಸ. ಒಂದೇ ಐರ್ಲೆಂಡ್ ಬೇಕೆಂದು ಆ ಮೆರವಣಿಗೆ ಕೇಳಿರಲಿಲ್ಲ. ಅಕ್ಟೋಬರ್ 5ರಂದು ಡೆರಿಯಲ್ಲಿ ಅವರ ತಲೆ ಒಡೆದದ್ದು ಟೀವಿಯಲ್ಲಿ ಬಂತು.

1969ರ ಆಗಸ್ಟಿನಲ್ಲಿ ಗಲಭೆ. ಬೆಲ್‌ಫಾಸ್ಟಿನಲ್ಲಿ ಕ್ಯಾಥೊಲಿಕರ ಬಾಂಬೆ ಸ್ಟ್ರೀಟ್ ಸುಟ್ಟುಹೋಯಿತು (ಹೌದು, ನಮ್ಮ ಬಾಂಬೆಯೇ. ಸಾಮ್ರಾಜ್ಯ ಎಲ್ಲೆಲ್ಲೋ ತನ್ನ ಹೆಸರು ಬಿಟ್ಟುಹೋಗಿದೆ). ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. ಚಪ್ಪಾಳೆ ತಟ್ಟಿದವರು ದಯವಿಟ್ಟು ಇದನ್ನು ಗಮನಿಸಬೇಕು: ಆ ಸೈನಿಕರಿಗೆ ಮನೆಯಿಂದ ಟೀ, ಸ್ಯಾಂಡ್‌ವಿಚ್ ತಂದುಕೊಟ್ಟವರು ಕ್ಯಾಥೊಲಿಕ್ ಹೆಂಗಸರು. ತಮ್ಮನ್ನು ಕಾಯಲು ಬಂದವರು ಎಂದೇ ಅವರು ತಿಳಿದಿದ್ದರು. ಆಗ ಐಆರ್‌ಎ ಎಂಬ ಸಂಘಟನೆಗೆ ಹೇಳಿಕೊಳ್ಳುವಂಥ ಜನವೂ ಇರಲಿಲ್ಲ, ಬಂದೂಕೂ ಇರಲಿಲ್ಲ. ತನ್ನ ಬೀದಿಗಳನ್ನು ಉಳಿಸಿಕೊಳ್ಳಲಾಗದ ಅದನ್ನು ಅದರ ಜನರೇ ಹಂಗಿಸುತ್ತಿದ್ದರು.

ಅಲ್ಲಿಂದ ಮೂರು ವರ್ಷದಲ್ಲಿ ಅದೇ ಐಆರ್‌ಎ ಯುರೋಪಿನ ಅತಿ ದೊಡ್ಡ ಸಶಸ್ತ್ರ ಗುಂಪುಗಳಲ್ಲಿ ಒಂದಾದದ್ದು ಹೇಗೆ? ಅಮೆರಿಕದಿಂದ ಬಂದ ದುಡ್ಡು, ಲಿಬಿಯಾದ ಬಂದೂಕು, ಎಲ್ಲ ನಿಜ. ಆದರೆ ಬಂದೂಕು ಹಿಡಿಯಲು ಕೈ ಬೇಕಲ್ಲ? ಆ ಕೈಗಳನ್ನು ಒದಗಿಸಿದ್ದು ಪ್ರಭುತ್ವ.

1970ರ ಜುಲೈ 3ರಂದು ಬೆಲ್‌ಫಾಸ್ಟಿನ ಲೋವರ್ ಫಾಲ್ಸ್ ಎಂಬ ಬಡ ಕ್ಯಾಥೊಲಿಕ್ ಬಡಾವಣೆಗೆ ಬಂದೂಕು ಹುಡುಕಲು ಸೈನ್ಯ ನುಗ್ಗಿತು. ಜನ ಕಲ್ಲು ಹೊಡೆದರು, ಸೈನ್ಯ ಕರ್ಫ್ಯೂ ಹಾಕಿತು. ಸುಮಾರು ಮೂರು ಸಾವಿರ ಸೈನಿಕರು, ಒಂದೂವರೆ ದಿನ. ಬೀದಿಬೀದಿ ಅಶ್ರುವಾಯು, ಬಾಗಿಲು ಮುರಿದು ನೆಲದ ಹಲಗೆ ಕಿತ್ತು ಶೋಧ. ನೂರರ ಆಸುಪಾಸು ಬಂದೂಕು ಸಿಕ್ಕವು. ನಾಲ್ವರು ನಾಗರಿಕರು ಸತ್ತರು. ಸೋತ ಬೀದಿಯನ್ನು ನೋಡಲು ಇಬ್ಬರು ಯೂನಿಯನಿಸ್ಟ್ ಮಂತ್ರಿಗಳನ್ನು ಸೈನ್ಯದ ಗಾಡಿಯಲ್ಲಿ ಕೂರಿಸಿ ಸುತ್ತು ಹೊಡೆಸಿದರು. ಕೊನೆಗೆ ಪಕ್ಕದ ಬಡಾವಣೆಯ ಹೆಂಗಸರು ಮಕ್ಕಳ ತಳ್ಳುಗಾಡಿಗಳಲ್ಲಿ ಬ್ರೆಡ್ಡು ಹಾಲು ತುಂಬಿಕೊಂಡು ಸೈನಿಕರ ಸಾಲನ್ನು ತಳ್ಳಿಕೊಂಡೇ ಒಳಗೆ ಹೋದರು. ಟೀ ಕೊಟ್ಟಿದ್ದ ಬೀದಿಗಳು ಹಗೆಯಾಗಲು ಒಂದು ವಾರವೂ ಬೇಕಾಗಲಿಲ್ಲ, ಒಂದು ವಾರಾಂತ್ಯ ಸಾಕಾಯಿತು.

ಇದರಿಂದ ಯಾರಾದರೂ ಪಾಠ ಕಲಿತರೆ? 1971ರ ಆಗಸ್ಟ್ 9ರ ಬೆಳಗಿನ ಜಾವ ನಾಲ್ಕು ಗಂಟೆಗೆ ಮತ್ತೆ ಬಾಗಿಲು ಒಡೆದರು. ಈ ಸಲ ಕೈಯಲ್ಲಿ ಪಟ್ಟಿ ಇತ್ತು. ಉತ್ತರ ಐರ್ಲೆಂಡಿನ ಪ್ರಧಾನಿ ಬ್ರಯನ್ ಫಾಕ್ನರ್ ವಿಚಾರಣೆಯಿಲ್ಲದ ಬಂಧನವನ್ನು ಜಾರಿಗೆ ತಂದಿದ್ದರು. ಆ ದಿನ ಹಿಡಿದದ್ದು 342 ಜನರನ್ನು. ಪಟ್ಟಿ ಹಳೆಯದು, ಮುದುಕರಾಗಿದ್ದ ಹಿಂದಿನ ತಲೆಮಾರಿನ ಐಆರ್‌ಎಯವರು, ನಾಗರಿಕ ಹಕ್ಕುಗಳ ಕಾರ್ಯಕರ್ತರು, ಹೆಸರು ಹೋಲುವವರು. ನಿಜವಾದ ನಾಯಕರಿಗೆ ಸುಳಿವು ಮೊದಲೇ ಸಿಕ್ಕಿತ್ತು. ನೂರಕ್ಕೂ ಹೆಚ್ಚು ಜನರನ್ನು ಎರಡೇ ದಿನದಲ್ಲಿ ಬಿಡಬೇಕಾಯಿತು. ಹಾಗೆ ಹಿಡಿದವರಲ್ಲಿ ಒಬ್ಬನೇ ಒಬ್ಬ ಪ್ರಾಟೆಸ್ಟೆಂಟ್ ಉಗ್ರಗಾಮಿ ಇರಲಿಲ್ಲ. ಪ್ರಾಟೆಸ್ಟೆಂಟರಲ್ಲೂ ಬಾಂಬ್ ಇಡುವವರಿದ್ದರು. ಅವರಲ್ಲಿ ಮೊದಲನೆಯವನನ್ನು ಹೀಗೆ ಒಳಗೆ ಹಾಕಲು ಸರ್ಕಾರಕ್ಕೆ 1973ರ ಫೆಬ್ರವರಿ ಬೇಕಾಯಿತು. 1975ರ ಕೊನೆಗೆ ಈ ಬಂಧನ ನಿಲ್ಲುವ ಹೊತ್ತಿಗೆ ಒಳಗೆ ಹೋಗಿಬಂದವರು 1,981. ಅವರಲ್ಲಿ 1,874 ಮಂದಿ ಒಂದೇ ಕಡೆಯವರು.

ಹಿಡಿದವರಲ್ಲಿ ಹದಿನಾಲ್ಕು ಮಂದಿಯನ್ನು ಬೇರೆಡೆಗೆ ಕೊಂಡೊಯ್ದು ತಲೆಗೆ ಚೀಲ ಹಾಕಿ, ಗೋಡೆಗೆ ಬೆರಳು ಊರಿಸಿ ಗಂಟೆಗಟ್ಟಲೆ ನಿಲ್ಲಿಸಿ, ಕಿವಿಗೆ ಕರ್ಕಶ ಸದ್ದು ಬಿಟ್ಟು, ನಿದ್ದೆ ಕೊಡದೆ, ಅನ್ನ ನೀರು ಕೊಡದೆ ಇಟ್ಟರು. ಐರ್ಲೆಂಡ್ ಸರ್ಕಾರ ಮೊಕದ್ದಮೆ ಹೂಡಿತು. 1978ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಅಮಾನವೀಯ, ಅವಮಾನಕರ, ಆದರೆ ಚಿತ್ರಹಿಂಸೆ ಅಲ್ಲ ಎಂದು ತೀರ್ಪು ಕೊಟ್ಟಿತು. ಈ ಕೂದಲು ಸೀಳುವಿಕೆಯನ್ನು ಮುಂದೆ ಬೇರೆ ಬೇರೆ ಸರ್ಕಾರಗಳು ಎಷ್ಟು ಪ್ರೀತಿಯಿಂದ ಬಳಸಿಕೊಂಡವು ಎನ್ನುವುದೇ ಒಂದು ಪಿಎಚ್.ಡಿ. ವಿಷಯ.

ಬಂಧನ ಶುರುವಾದ ಮೂರೇ ದಿನದಲ್ಲಿ ಬ್ಯಾಲಿಮರ್ಫಿ ಎಂಬಲ್ಲಿ ಹತ್ತು ಜನ ಗುಂಡಿಗೆ ಸತ್ತರು. ಒಬ್ಬರು ಪಾದ್ರಿ, ಒಬ್ಬರು ಎಂಟು ಮಕ್ಕಳ ತಾಯಿ. ಬಂದೂಕುಧಾರಿಗಳನ್ನು ಕೊಂದೆವು ಎಂದಿತು ಸೈನ್ಯ. ಸತ್ತವರೆಲ್ಲರೂ ಸಂಪೂರ್ಣ ನಿರಪರಾಧಿಗಳು ಎಂದು ನ್ಯಾಯಾಧೀಶರೊಬ್ಬರು ಹೇಳಿದ್ದು 2021ರ ಮೇ ತಿಂಗಳಲ್ಲಿ. ಐವತ್ತು ವರ್ಷಕ್ಕೆ ಮೂರು ತಿಂಗಳು ಕಡಿಮೆ. 1972ರ ಜನವರಿ 30ರಂದು ಡೆರಿಯಲ್ಲಿ ಇದೇ ಬಂಧನವನ್ನು ವಿರೋಧಿಸಿ ಮೆರವಣಿಗೆ ಹೊರಟವರ ಮೇಲೆ ಪ್ಯಾರಾಟ್ರೂಪರುಗಳು ಗುಂಡು ಹಾರಿಸಿದರು. ಆ ದಿನ 13 ಸಾವು, ಮುಂದೆ ಇನ್ನೊಂದು. ವಿಜರಿ ಎಂಬ ಮುಖ್ಯ ನ್ಯಾಯಮೂರ್ತಿ ಹನ್ನೊಂದು ವಾರದಲ್ಲಿ ವರದಿ ಕೊಟ್ಟು ಸೈನ್ಯವನ್ನು ಬಹುಮಟ್ಟಿಗೆ ತೊಳೆದುಬಿಟ್ಟರು. ಅದನ್ನು ಅಳಿಸಿ ಬರೆಯಲು ಇನ್ನೊಂದು ಆಯೋಗಕ್ಕೆ ಹನ್ನೆರಡು ವರ್ಷ, ಸುಮಾರು 19 ಕೋಟಿ ಪೌಂಡು ಹಿಡಿಯಿತು. 2010ರಲ್ಲಿ ಪ್ರಧಾನಿ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಈಗ ಲೆಕ್ಕ ನೋಡಿ. 1971ರಲ್ಲಿ ಬಂಧನಕ್ಕೆ ಮೊದಲಿನ ಏಳು ತಿಂಗಳಲ್ಲಿ ಸತ್ತವರು 30ರ ಆಸುಪಾಸು. ಬಂಧನದ ನಂತರದ ಐದು ತಿಂಗಳಲ್ಲಿ 140ರ ಆಸುಪಾಸು. 1972ರಲ್ಲಿ 470ಕ್ಕೂ ಹೆಚ್ಚು. ಮೂವತ್ತು ವರ್ಷಗಳ ಆ ಇಡೀ ಕದನದಲ್ಲಿ ಅಷ್ಟು ಹೆಣ ಬಿದ್ದ ವರ್ಷ ಇನ್ನೊಂದಿಲ್ಲ. “ಒಂದು ವಾರ” ಎಂದಿರಲ್ಲ ಸರ್, ಸೈನ್ಯ ಇಳಿದದ್ದು 1969ರ ಆಗಸ್ಟ್ 14ರಂದು. ಆ ಕಾರ್ಯಾಚರಣೆ ಅಧಿಕೃತವಾಗಿ ಮುಗಿದದ್ದು 2007ರ ಜುಲೈ 31ರಂದು. ಧೈರ್ಯ ಸಾಲದ್ದಕ್ಕೆ ಮೂವತ್ತೆಂಟು ವರ್ಷವೆ?

ನನ್ನ ವಾದಕ್ಕೆ ಒಗ್ಗದ ಒಂದು ಸಂಗತಿಯನ್ನೂ ಹೇಳಲೇಬೇಕು. 1972ರ ಜುಲೈ 21ರಂದು ಐಆರ್‌ಎ ಬೆಲ್‌ಫಾಸ್ಟಿನಲ್ಲಿ ಒಂದೂವರೆ ಗಂಟೆಯೊಳಗೆ ಇಪ್ಪತ್ತರಷ್ಟು ಬಾಂಬ್ ಸಿಡಿಸಿ ಒಂಬತ್ತು ಜನರನ್ನು ಕೊಂದಿತು. ಹತ್ತು ದಿನದ ನಂತರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ‘ಮೋಟರ್‌ಮನ್’ ಎಂಬ ಕಾರ್ಯಾಚರಣೆಯಲ್ಲಿ, ಪೊಲೀಸರೇ ಕಾಲಿಡಲಾಗದ ಬ್ಯಾರಿಕೇಡಿನ ಬಡಾವಣೆಗಳನ್ನು ವಾಪಸು ಪಡೆದರು. ಬರುತ್ತೇವೆಂದು ಮೊದಲೇ ಸುಳಿವು ಕೊಟ್ಟು ಬಂದರು. ಅದು ಕೆಲಸ ಮಾಡಿತು, ಸಾವು ಇಳಿಯಿತು. ಹಾಗಾದರೆ ಬಲಪ್ರಯೋಗವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಾಂಬಿಟ್ಟವನನ್ನು ಹಿಡಿಯಬೇಕು, ಅವನು ಅಡಗಿದ ಜಾಗಕ್ಕೆ ಹೋಗಲೇಬೇಕು. ಆಮೇಲಿನ ವರ್ಷಗಳಲ್ಲಿ ಐಆರ್‌ಎಯನ್ನು ಕಟ್ಟಿಹಾಕಿದ್ದರಲ್ಲಿ ಗುಪ್ತಚರರ ಪಾಲು ಸಣ್ಣದಲ್ಲ. ಆದರೆ ಬ್ಯಾರಿಕೇಡನ್ನು ಕೆಡವುವುದು ಬೇರೆ, ಹೆಸರು ನೋಡಿ ಬಾಗಿಲು ಕೆಡವುವುದು ಬೇರೆ. ಮೊದಲನೆಯದಕ್ಕೆ ಗುರಿಯಿದೆ. ಎರಡನೆಯದಕ್ಕೆ ಇರುವುದು ಜಾತಕ.

ನನ್ನ ಪೀಳಿಗೆಯ ಗೆಳೆಯರಿಗೂ ಒಂದು ಮಾತು. ಹಾಸ್ಟೆಲ್ ಕೋಣೆಗಳಲ್ಲಿ ಬಾಬಿ ಸ್ಯಾಂಡ್ಸ್ ಪೋಸ್ಟರ್ ನೋಡಿದ್ದೇನೆ. ನಮ್ಮ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಅವರನ್ನು 1979ರಲ್ಲಿ ಐಆರ್‌ಎ ಕೊಂದದ್ದನ್ನು ಸಾಮ್ರಾಜ್ಯದ ಲೆಕ್ಕ ಚುಕ್ತಾ ಆದಂತೆ ಮಾತಾಡುವವರನ್ನೂ ಕೇಳಿದ್ದೇನೆ. ಆ ದೋಣಿಯಲ್ಲಿ 14 ಮತ್ತು 15 ವರ್ಷದ ಇಬ್ಬರು ಹುಡುಗರಿದ್ದರು. ಒಬ್ಬ ಮೊಮ್ಮಗ, ಇನ್ನೊಬ್ಬ ರಜೆಯಲ್ಲಿ ದೋಣಿಯ ಕೆಲಸಕ್ಕೆ ಬಂದವನು. ಅವರು ಯಾವ ಸಾಮ್ರಾಜ್ಯ ಆಳಿದ್ದರು? ಈ ಕದನದಲ್ಲಿ ಸತ್ತ ಮೂರೂವರೆ ಸಾವಿರ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಐಆರ್‌ಎ ಮತ್ತು ಅದರ ಕಡೆಯ ಗುಂಪುಗಳೇ. 1976ರ ಜನವರಿ 5ರ ಸಂಜೆ ಕಿಂಗ್ಸ್‌ಮಿಲ್ ಎಂಬಲ್ಲಿ ಕಾರ್ಖಾನೆಯಿಂದ ಮನೆಗೆ ಹೊರಟಿದ್ದ ಕಾರ್ಮಿಕರ ವ್ಯಾನನ್ನು ಬಂದೂಕುಧಾರಿಗಳು ತಡೆದು ಸಾಲಾಗಿ ನಿಲ್ಲಿಸಿ, ಕ್ಯಾಥೊಲಿಕ್ ಯಾರಿದ್ದೀರಿ, ಮುಂದೆ ಬನ್ನಿ ಎಂದರು. ಹಿಂದಿನ ದಿನವಷ್ಟೇ ಅದೇ ಸೀಮೆಯಲ್ಲಿ ಪ್ರಾಟೆಸ್ಟೆಂಟ್ ಉಗ್ರರು ಆರು ಕ್ಯಾಥೊಲಿಕರನ್ನು ಕೊಂದಿದ್ದರು. ಹಾಗಾಗಿ ಕೊಲ್ಲುವುದು ಅವನನ್ನೇ ಎಂದು ಎಲ್ಲರೂ ತಿಳಿದರು. ಅಲ್ಲಿದ್ದ ಒಬ್ಬನೇ ಕ್ಯಾಥೊಲಿಕನ ಕೈಯನ್ನು ಪಕ್ಕದ ಪ್ರಾಟೆಸ್ಟೆಂಟ್ ಗೆಳೆಯ ಕತ್ತಲಲ್ಲಿ ಗಟ್ಟಿಯಾಗಿ ಹಿಡಿದ, ಅಲುಗಾಡಬೇಡ ಎಂಬಂತೆ. ಅವನು ಮುಂದೆ ಬಂದ. ಅವನನ್ನು ಓಡಿಸಿ ಉಳಿದ ಹನ್ನೊಂದು ಮಂದಿಗೆ ಗುಂಡಿಟ್ಟರು, ಹತ್ತು ಜನ ಸತ್ತರು. ಸೀಮಸ್ ಹೀನಿ 1995ರ ತಮ್ಮ ನೊಬೆಲ್ ಭಾಷಣದಲ್ಲಿ ಆ ಕೈಯನ್ನು ನೆನೆದರು.

ಐಆರ್‌ಎಯ ಆ ಬಂದೂಕುಧಾರಿಗಳು ಅಂದು ಮಾಡಿದ್ದೇನು? ಹೆಸರು ನೋಡಿ ವಿಂಗಡಿಸಿದರು. ಬೆಳಗಿನ ಜಾವದ ಪಟ್ಟಿ ಮಾಡಿದ್ದೂ ಅದನ್ನೇ. ಎರಡೂ ಸಮ ಎನ್ನುತ್ತಿಲ್ಲ, ಒಂದು ಸೆರೆ, ಇನ್ನೊಂದು ಕೊಲೆ. ಆದರೆ ಭಯೋತ್ಪಾದಕನ ಮುಖ್ಯ ವಾದವೇ ‘ನೀವು ಮತ್ತು ನಾವು ಎರಡು ಬೇರೆ ಜಾತಿಯ ಪ್ರಾಣಿಗಳು’ ಎಂಬುದು. ಆ ವಾದಕ್ಕೆ ಸರ್ಕಾರ ತನ್ನ ಮೊಹರು ಒತ್ತಬಾರದು.

1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮಿನ ಎರಡು ಪಬ್ಬುಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಎಂಟೇ ದಿನದಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಪಾಸಾಯಿತು. ಅದರ ಹೆಸರಿನಲ್ಲೇ ‘ತಾತ್ಕಾಲಿಕ’ ಎಂಬ ಪದವಿತ್ತು. ಆ ತಾತ್ಕಾಲಿಕ ಮತ್ತೆ ಮತ್ತೆ ನವೀಕರಣಗೊಂಡು ಇಪ್ಪತ್ತೈದು ವರ್ಷ ಬದುಕಿ, 2000ದಲ್ಲಿ ಬಂದ ಕಾಯಂ ಕಾಯ್ದೆಗೆ ಜಾಗ ಬಿಟ್ಟಿತು. ಪೊಲೀಸರು ಬಾಂಬ್ ಸಿಡಿದ ಕೂಡಲೇ ಆರು ಮಂದಿ ಐರಿಷ್ ಮೂಲದವರನ್ನು ಹಿಡಿದರು. ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು ಎಂದು ಅವರು ಕೂಗಿದರು. 1980ರಲ್ಲಿ ಆ ಪೊಲೀಸರ ಮೇಲೆ ಅವರು ಹೂಡಿದ ದಾವೆ ಲಾರ್ಡ್ ಡೆನಿಂಗ್ ಎದುರು ಬಂತು. ನಮ್ಮ ಕಾನೂನು ವಿದ್ಯಾರ್ಥಿಗಳು ಭಕ್ತಿಯಿಂದ ಓದುವ ಅದೇ ಡೆನಿಂಗ್. ಇವರು ಗೆದ್ದರೆ ಪೊಲೀಸರು ಸುಳ್ಳು ಹೇಳಿದರು, ಹೊಡೆದರು ಎಂದಾಗುತ್ತದೆ, ಅದು ಎಷ್ಟು ಘೋರ ನೋಟವೆಂದರೆ ದಾವೆ ಮುಂದುವರಿಯುವುದೇ ಬೇಡ ಎಂಬರ್ಥದಲ್ಲಿ ಅವರು ವಜಾ ಮಾಡಿದರು. ಸಾಕ್ಷ್ಯ ಸುಳ್ಳೆಂದಲ್ಲ, ನಿಜವಾಗಿಬಿಟ್ಟರೆ ಕಷ್ಟವೆಂದು. ಆ ಆರು ಮಂದಿ ಬಿಡುಗಡೆಯಾದದ್ದು 1991ರ ಮಾರ್ಚಿನಲ್ಲಿ, ಹದಿನಾರು ವರ್ಷಕ್ಕೂ ಮೀರಿದ ಸೆರೆವಾಸದ ನಂತರ. ಆ ಪಬ್ಬುಗಳಲ್ಲಿ ನಿಜವಾಗಿ ಬಾಂಬಿಟ್ಟವರಿಗೆ ಇವತ್ತಿಗೂ ಶಿಕ್ಷೆಯಾಗಿಲ್ಲ. ಮಾನವ ಹಕ್ಕು ಅಂದರೆ ಭಯೋತ್ಪಾದಕರ ಹಕ್ಕು ಎಂದು ಗೇಲಿ ಮಾಡುವವರು ಆ 21 ಮನೆಗಳಿಗೆ ಹೋಗಿ ಹೇಳಲಿ, ತಪ್ಪು ಜನರನ್ನು ಒಳಗಿಟ್ಟದ್ದರಿಂದ ಅವರಿಗೆ ಯಾವ ನ್ಯಾಯ ಸಿಕ್ಕಿತೆಂದು.

ಇದು ನಮಗೆ ಹೊಸ ಕತೆಯೂ ಅಲ್ಲ. 1919ರ ರೌಲಟ್ ಕಾಯ್ದೆ ವಿಚಾರಣೆಯಿಲ್ಲದೆ ಕೂಡಿಹಾಕುವ ಕಾಯ್ದೆಯೇ. ಅದನ್ನು ವಿರೋಧಿಸಿದ ಜನರ ಮೇಲೆ ಪಂಜಾಬಿನಲ್ಲಿ ಮುಗಿಬಿದ್ದ ಗವರ್ನರ್ ಓಡ್ವಯರ್ ಐರ್ಲೆಂಡಿನ ಟಿಪ್ಪೆರರಿಯವರು. ಮೂವತ್ತು ವರ್ಷದ ನಂತರ ನಾವೇ ಬರೆದುಕೊಂಡ ಸಂವಿಧಾನದ 22ನೇ ವಿಧಿಯಲ್ಲಿ ಮುನ್ನೆಚ್ಚರಿಕೆ ಬಂಧನಕ್ಕೆ ಜಾಗ ಇಟ್ಟೆವು. ಅದರ ಕತೆ ಬೇರೆ ಲೇಖನಕ್ಕಿರಲಿ.

ಈಗ ಇನ್ನೊಂದು ಎಚ್‌ಗೆ ಬರೋಣ. ಲಾಂಗ್ ಕೆಶ್ ಜೈಲಿನ ಕಟ್ಟಡಗಳು ಆ ಅಕ್ಷರದ ಆಕಾರದವು, ಎಚ್ ಬ್ಲಾಕ್ ಎಂದೇ ಹೆಸರು. 1976ರಿಂದ ಸರ್ಕಾರ ಹೊಸದಾಗಿ ಶಿಕ್ಷೆಯಾದವರಿಗೆ ರಾಜಕೀಯ ಕೈದಿಗಳ ಸ್ಥಾನಮಾನ ಕೊಡಲು ನಿರಾಕರಿಸಿತು. ನೀವು ಬರೀ ಅಪರಾಧಿಗಳು, ಜೈಲಿನ ಬಟ್ಟೆ ತೊಡಿ ಎಂದಿತು. 1981ರಲ್ಲಿ ಉಪವಾಸ ಶುರುವಾಯಿತು. ಅಪರಾಧ ಅಪರಾಧವೇ ಎಂದರು ಥ್ಯಾಚರ್. 1929ರಲ್ಲಿ ಲಾಹೋರಿನ ಜೈಲಿನಲ್ಲಿ ಇಂಥದ್ದೇ ಬೇಡಿಕೆಗೆ 63 ದಿನ ಉಪವಾಸ ಮಾಡಿ ಸತ್ತ ಜತೀನ್ ದಾಸ್‌ನನ್ನು ಬ್ರಿಟಿಷ್ ಸರ್ಕಾರ ಮರೆತಿತ್ತೇನೋ. ಅದಕ್ಕೂ ಮೊದಲು 1920ರಲ್ಲಿ 74 ದಿನ ಉಪವಾಸವಿದ್ದು ಲಂಡನ್ನಿನ ಜೈಲಿನಲ್ಲಿ ಸತ್ತ ಕಾರ್ಕ್ ನಗರದ ಮೇಯರ್ ಮ್ಯಾಕ್‌ಸ್ವೀನಿಯನ್ನು ಮರೆಯಲು ಮಾತ್ರ ಯಾವ ನೆಪವೂ ಇರಲಿಲ್ಲ. ಉಪವಾಸದ ನಡುವೆಯೇ ಸ್ಯಾಂಡ್ಸ್ ಬ್ರಿಟಿಷ್ ಸಂಸತ್ತಿಗೆ ಆರಿಸಿಬಂದ, 30 ಸಾವಿರಕ್ಕೂ ಹೆಚ್ಚು ಮತಗಳಿಂದ. 66ನೇ ದಿನ ಸತ್ತ. ಅವನ ಹಿಂದೆ ಇನ್ನೂ ಒಂಬತ್ತು ಜನ. ಬಾಂಬ್ ಇಟ್ಟು ಐಆರ್‌ಎ ಗಳಿಸಲಾಗದ ಗೌರವವನ್ನು ಒಂದು ಜೊತೆ ಬಟ್ಟೆಯ ಹಟಕ್ಕೆ ಬಿದ್ದು ಸರ್ಕಾರ ಗಳಿಸಿಕೊಟ್ಟಿತು.

ಸಾಹಿತ್ಯದ ಓದುಗರಿಗೆ ಇಷ್ಟವಾಗಬಹುದಾದ ಒಂದು ಪ್ರಹಸನವಿದೆ. 1988ರಿಂದ 1994ರವರೆಗೆ ಬ್ರಿಟನ್ನಿನ ರೇಡಿಯೊ ಟೀವಿಯಲ್ಲಿ ಐಆರ್‌ಎ ಪರವಾದ ಶಿನ್ ಫೇನ್ ಪಕ್ಷದವರ ದನಿ ಕೇಳಿಸುವಂತಿರಲಿಲ್ಲ. ಮುಖ ತೋರಿಸಬಹುದು, ಮಾತೂ ಹೇಳಬಹುದು, ದನಿ ಮಾತ್ರ ಕೂಡದು. ಹಾಗಾಗಿ ಗೆರಿ ಆಡಮ್ಸ್ ಬಾಯಿ ಆಡಿಸುತ್ತಿದ್ದರೆ ಅವರ ಮಾತನ್ನು ನಟರು ಓದುತ್ತಿದ್ದರು. ಭಯೋತ್ಪಾದನೆಯ ವಿರುದ್ಧ ಒಂದು ದೊಡ್ಡ ರಾಷ್ಟ್ರ ಕೈಗೊಂಡ ಕ್ರಮ ಇದು: ಡಬ್ಬಿಂಗ್.

ಅದೇ ಹೊತ್ತಿಗೆ ತೆರೆಯ ಹಿಂದೆ ಮಾತುಕತೆ ಕೂಡ. 1972ರ ಜುಲೈನಲ್ಲೇ ಇದೇ ಆಡಮ್ಸ್‌ರನ್ನು ಬಂಧನದಿಂದ ಬಿಡಿಸಿ, ಮಾರ್ಟಿನ್ ಮೆಗಿನೆಸ್ ಮೊದಲಾದವರ ಜೊತೆ ಲಂಡನ್ನಿಗೆ ಕರೆತಂದು ಸಚಿವ ವೈಟ್‌ಲಾ ಮಾತಾಡಿದ್ದರು. 1993ರ ನವೆಂಬರ್ ಮೊದಲಲ್ಲಿ, ಆಡಮ್ಸ್ ಜೊತೆ ಮಾತಾಡುವುದೆಂದರೆ ಹೊಟ್ಟೆ ತೊಳಸುತ್ತದೆ ಎಂದು ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಹೇಳಿದರು. ಅವರದೇ ಸರ್ಕಾರ ಗುಟ್ಟಾಗಿ ಐಆರ್‌ಎಯ ಜೊತೆ ಸಂಪರ್ಕದಲ್ಲಿತ್ತೆಂದು ಆ ತಿಂಗಳು ಮುಗಿಯುವುದರೊಳಗೆ ಬಯಲಾಯಿತು. ಮಾತಾಡಿದ್ದಕ್ಕೆ ನನ್ನ ತಕರಾರಿಲ್ಲ. ಮಾತಾಡಲೇಬೇಕಿತ್ತು. ಆದರೆ ಎದುರಿಗೆ ಗುಡುಗು, ಹಿತ್ತಲಲ್ಲಿ ಸಂಧಾನ ಎನ್ನುವ ಈ ಪದ್ಧತಿ, ಸಂಧಾನವೇ ನಾಚಿಕೆಗೇಡು ಎಂದು ಜನರಿಗೆ ಕಲಿಸುತ್ತದೆ. ಗುಡುಗನ್ನಷ್ಟೇ ಕೇಳಿದ ಪೀಳಿಗೆ ಆಮೇಲೆ ಸೆಮಿನಾರುಗಳಲ್ಲಿ ಚಪ್ಪಾಳೆ ತಟ್ಟುತ್ತದೆ.

ಗಟ್ಟಿ ಸರ್ಕಾರ ಬೇಕು ಎನ್ನುವವರಿಗೆ ಇನ್ನೊಂದು ಪ್ರಶ್ನೆ: ಯಾರ ಎದುರು ಗಟ್ಟಿ? 1973ರ ಡಿಸೆಂಬರಿನಲ್ಲಿ ಸನಿಂಗ್‌ಡೇಲ್ ಒಪ್ಪಂದವಾಯಿತು. ಎರಡೂ ಕಡೆಯವರು ಅಧಿಕಾರ ಹಂಚಿಕೊಳ್ಳುವುದು, ದಕ್ಷಿಣದ ಸರ್ಕಾರದ ಜೊತೆಗೊಂದು ಮಂಡಳಿ. ಐಆರ್‌ಎಗೆ ಇದು ಬೇಡವಾಗಿತ್ತು, ಬಾಂಬ್ ಇಡುತ್ತಲೇ ಇತ್ತು. ಆದರೆ ಒಪ್ಪಂದವನ್ನು ಕೊಂದದ್ದು 1974ರ ಮೇ ತಿಂಗಳ ಪ್ರಾಟೆಸ್ಟೆಂಟ್ ಕಾರ್ಮಿಕರ ಮುಷ್ಕರ. ವಿದ್ಯುತ್ ನಿಂತಿತು, ರಸ್ತೆಗಳಲ್ಲಿ ಮುಸುಕುಧಾರಿಗಳು ಅಡ್ಡಗಟ್ಟಿ ನಿಂತರು. ಫಾಲ್ಸ್ ಬಡಾವಣೆಯ ನೆಲದ ಹಲಗೆ ಕಿತ್ತ ಅದೇ ಸೈನ್ಯ ಈ ಬ್ಯಾರಿಕೇಡುಗಳನ್ನು ನೋಡುತ್ತ ನಿಂತಿತು. ಎರಡು ವಾರದಲ್ಲಿ ಸರ್ಕಾರ ಬಿತ್ತು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದ ಬೆನ್ನೆಲುಬು ನೋಡಿದರೆ ಅಧಿಕಾರ ಹಂಚಿಕೆ, ದಕ್ಷಿಣದ ಜೊತೆ ಮಂಡಳಿ, ಬಹುಮತದ ಒಪ್ಪಿಗೆಯಿಲ್ಲದೆ ಗಡಿ ಬದಲಾಗದು ಎಂಬ ಮಾತು. ಇಪ್ಪತ್ತನಾಲ್ಕು ವರ್ಷ ತಡವಾಗಿ ಬಂದ ಸನಿಂಗ್‌ಡೇಲ್ ಇದು, ನಿಧಾನವಾಗಿ ಕಲಿಯುವವರಿಗೆ ಎಂದು ಅದರಲ್ಲಿ ಭಾಗವಹಿಸಿದ್ದ ಸೀಮಸ್ ಮ್ಯಾಲನ್ ಹಂಗಿಸಿದ್ದರು. ನಡುವೆ ಸತ್ತವರು ಎರಡು ಸಾವಿರಕ್ಕೂ ಹೆಚ್ಚು.

1998ರ ಆಗಸ್ಟ್ 15. ಒಪ್ಪಂದವಾಗಿ ನಾಲ್ಕು ತಿಂಗಳು. ಅದನ್ನು ಒಪ್ಪದ ಒಂದು ಸಿಡಿದ ಗುಂಪು ಓಮಾ ಎಂಬ ಪೇಟೆಯಲ್ಲಿ ಶನಿವಾರದ ಮಧ್ಯಾಹ್ನ ಕಾರ್‌ಬಾಂಬ್ ಸಿಡಿಸಿತು. 29 ಸಾವು, ಹೆಂಗಸರು ಮಕ್ಕಳು ಎನ್ನದೆ. ಇಡೀ ಮೂವತ್ತು ವರ್ಷದಲ್ಲಿ ಉತ್ತರ ಐರ್ಲೆಂಡಿನ ನೆಲದಲ್ಲಿ ಒಂದೇ ಬಾಂಬಿಗೆ ಅಷ್ಟು ಜನ ಸತ್ತಿರಲಿಲ್ಲ. ಆಗ ಮತ್ತೆ ‘ಒಂದು ವಾರ ಸೈನ್ಯಕ್ಕೆ ಬಿಡಿ’ ಎಂದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ತರಾತುರಿಯಲ್ಲಿ ಒಂದು ಬಿಗಿ ಕಾಯ್ದೆ ಬಂತು, ಅದು ಒಳ್ಳೆಯದೆಂದು ನಾನು ಹೇಳಲಾರೆ. ಆದರೆ ಬೆಳಗಿನ ಜಾವ ಪಟ್ಟಿ ಹಿಡಿದು ಯಾರೂ ಬಾಗಿಲು ಒಡೆಯಲಿಲ್ಲ, ಒಪ್ಪಂದವನ್ನು ಯಾರೂ ಹರಿಯಲಿಲ್ಲ. ಕ್ಯಾಥೊಲಿಕರಿಗೆ ಆ ಬಾಂಬಿಟ್ಟವರನ್ನು ಬಚ್ಚಿಡುವ ಕಾರಣವೇ ಇರಲಿಲ್ಲ. ಆ ಗುಂಪು ವಾರಗಳೊಳಗೆ ಕದನವಿರಾಮ ಘೋಷಿಸಬೇಕಾಯಿತು. 1971ಕ್ಕೂ 1998ಕ್ಕೂ ನಡುವೆ ಭಯೋತ್ಪಾದಕರು ಮೃದುವಾಗಿರಲಿಲ್ಲ. ಅವರ ಸುತ್ತಲಿನ ಜನ ಬದಲಾಗಿದ್ದರು.

ಅವರನ್ನು ಬದಲಿಸಿದ್ದು ಮುಖ್ಯವಾಗಿ ಬಲು ನೀರಸ ಸಂಗತಿಗಳು. 1971ರಲ್ಲಿ, ಬಂಧನದ ಅದೇ ವರ್ಷ, ಮನೆ ಹಂಚುವ ಅಧಿಕಾರವನ್ನು ಕೌನ್ಸಿಲ್ಲುಗಳಿಂದ ಕಿತ್ತು ಹೌಸಿಂಗ್ ಎಕ್ಸಿಕ್ಯುಟಿವ್ ಎಂಬ ಸಂಸ್ಥೆಗೆ ಕೊಟ್ಟರು. ಅಗತ್ಯ ನೋಡಿ ಅಂಕ ಕೊಟ್ಟು ಮನೆ ಹಂಚುವ ಪದ್ಧತಿ ಬಂತು. 1976 ಮತ್ತು 1989ರಲ್ಲಿ ಉದ್ಯೋಗದ ತಾರತಮ್ಯದ ವಿರುದ್ಧ ಕಾಯ್ದೆಗಳು ಬಂದವು, ಎರಡನೆಯದು ಸಿಬ್ಬಂದಿಯಲ್ಲಿ ಎಷ್ಟು ಮಂದಿ ಯಾವ ಕಡೆಯವರೆಂದು ಕಂಪನಿಗಳು ಲೆಕ್ಕ ಕೊಡಬೇಕೆಂದಿತು. 2001ರಲ್ಲಿ ಪೊಲೀಸ್ ಪಡೆಯ ಹೆಸರು, ಲಾಂಛನ ಬದಲಾಗಿ, ಹತ್ತರಲ್ಲೊಬ್ಬ ಕ್ಯಾಥೊಲಿಕನೂ ಇರದಿದ್ದ ಪಡೆಗೆ ಹತ್ತು ವರ್ಷ ಅರ್ಧಕ್ಕರ್ಧ ನೇಮಕಾತಿ ನಡೆಯಿತು. ಇಂಥದ್ದನ್ನು ಬಾಂಬ್ ಸಿಡಿಯುತ್ತಿರುವಾಗ ಮಾಡಿದರೆ ಭಯೋತ್ಪಾದಕರಿಗೆ ಮಣಿದಂತೆ ಎಂದು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಮನೆಗಾಗಿ ಕಾಯುತ್ತಿದ್ದ ಕುಟುಂಬ ಬಾಂಬ್ ಇಟ್ಟಿರಲಿಲ್ಲ. ಅದಕ್ಕೆ ಸಲ್ಲಬೇಕಾದ್ದನ್ನು ಬಾಂಬಿಟ್ಟವನ ನೆಪದಲ್ಲಿ ತಡೆಹಿಡಿದರೆ, ಆ ಕುಟುಂಬದ ಪ್ರತಿನಿಧಿ ಅವನೇ ಎಂದು ಸರ್ಕಾರವೇ ಒಪ್ಪಿಕೊಂಡಂತಾಗುತ್ತದೆ.

ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಬೆಲ್‌ಫಾಸ್ಟಿನಲ್ಲಿ ಎರಡು ಬಡಾವಣೆಗಳ ನಡುವೆ ಎಬ್ಬಿಸಿದ ಗೋಡೆಗಳು ಇನ್ನೂ ನಿಂತಿವೆ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದುವಂತೆ ನಡೆಸುವ ಶಾಲೆಗಳಲ್ಲಿ ಇವತ್ತಿಗೂ ಹತ್ತರಲ್ಲಿ ಒಂದು ಮಗು ಕೂಡ ಇಲ್ಲ. ‘ಹೇಚ್’ ಅನ್ನುವವರು ಹೇಚ್ ಅನ್ನುತ್ತಲೇ ಇದ್ದಾರೆ. ಆದರೆ 2007ರ ಮೇ ತಿಂಗಳಲ್ಲಿ, ಹಿಂದೊಮ್ಮೆ ಡೆರಿಯಲ್ಲಿ ಐಆರ್‌ಎ ನಾಯಕನಾಗಿದ್ದ ಮೆಗಿನೆಸ್ ಮತ್ತು ನಲವತ್ತು ವರ್ಷ ‘ಇಲ್ಲ, ಇಲ್ಲ’ ಎಂದೇ ಅಬ್ಬರಿಸಿದ್ದ ಪಾದ್ರಿ ಇಯನ್ ಪೇಸ್ಲಿ ಒಂದೇ ಸರ್ಕಾರದಲ್ಲಿ ಕೂತರು. ಫೋಟೊಗಳಲ್ಲಿ ಇಬ್ಬರೂ ಎಷ್ಟು ನಗುತ್ತಿದ್ದರೆಂದರೆ, ಸತ್ತವರ ಕಡೆಯವರಿಗೆ ಅದನ್ನು ನೋಡುವುದು ಸುಲಭವಾಗಿರಲಿಕ್ಕಿಲ್ಲ.

ಮುಂದಿನ ತಿಂಗಳು ಅದೇ ಸಭಾಂಗಣದಲ್ಲಿ ಮತ್ತೆ ನನ್ನ ಸರದಿ ಇದೆ. ಈ ಸಲ ಕಾದಂಬರಿ ಬಿಟ್ಟು ಕ್ಯಾಲೆಡನ್ನಿನ ಆ ಕೌನ್ಸಿಲ್ ಮನೆಯ ಬಗ್ಗೆ ಓದುತ್ತೇನೆ. ಮನೆ ಹಂಚಿಕೆಯ ಅಂಕಪಟ್ಟಿಗೆ ಚಪ್ಪಾಳೆ ಬೀಳಲಿಕ್ಕಿಲ್ಲ. ರೂಮ್‌ಮೇಟ್ ಬರುತ್ತೇನೆ ಅಂದಿದ್ದಾನೆ, ಆ ದಿನ ಬಾಡಿಗೆ ಮನೆ ನೋಡಲು ಹೋಗುವುದು ಇಲ್ಲದಿದ್ದರೆ.